ರಕ್ತಪರೀಕ್ಷೆಯ ಚೀಟಿಯಲ್ಲಿ ಯಕೃತ್ತಿನ ಲೆಕ್ಕ

ವಿಮೆಗಾಗಿಯೋ ನೌಕರಿಗಾಗಿಯೋ, ಮೈಯಲ್ಲಿ ಯಾವ ತೊಂದರೆಯೂ ಇಲ್ಲದವರು ರಕ್ತ ಕೊಟ್ಟು ಬರುತ್ತಾರೆ. ಮರುದಿನ ಬಂದ ಚೀಟಿಯಲ್ಲಿ ಎಸ್.ಜಿ.ಪಿ.ಟಿ. ೬೮ ಎಂದಿದ್ದು, ಪಕ್ಕದಲ್ಲಿ ನಕ್ಷತ್ರದ ಗುರುತಿರುತ್ತದೆ. ಆ ರಾತ್ರಿ ಮನೆಯವರಿಗೆ ನಿದ್ರೆಯಿಲ್ಲ. ಈ ಅಂಕೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದರೆ ಅನಾವಶ್ಯಕ ಭಯವೂ ತಪ್ಪುತ್ತದೆ, ಅಪಾಯಕರವಾದ ಅಲಕ್ಷ್ಯವೂ ತಪ್ಪುತ್ತದೆ.

ಬಲಪಕ್ಕೆಯ ಅಡಿಯಲ್ಲಿರುವ ಯಕೃತ್ತನ್ನು ಒಂದು ಕಣಜವೆಂದು ಭಾವಿಸಿರಿ. ಅದರ ಜೀವಕೋಶಗಳೊಳಗೆ ಕಿಣ್ವಗಳೆಂಬ ವಸ್ತುಗಳು ಕೆಲಸ ಮಾಡುತ್ತಿರುತ್ತವೆ. ಕೋಶಗಳಿಗೆ ಪೆಟ್ಟಾದಾಗ, ಗೋಡೆ ಬಿರಿದ ಕಣಜದಿಂದ ಕಾಳು ಸೋರುವಂತೆ, ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಸೋರಿದ ಕಾಳನ್ನು ಎಣಿಸಿದರೆ ಗೋಡೆ ಬಿರಿದಿದೆಯೆಂದು ಗೊತ್ತಾದೀತು. ಕಣಜದಲ್ಲಿ ಉಳಿದಿರುವುದೆಷ್ಟೆಂದು ಗೊತ್ತಾಗದು. ಯಕೃತ್ತಿನ ಕಾರ್ಯಶಕ್ತಿಯನ್ನು ತಿಳಿಯಲು ವೈದ್ಯರು ಆಲ್ಬುಮಿನ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಕಾಲ ಇವುಗಳನ್ನು ನೋಡುತ್ತಾರೆ.

ಈ ಪರೀಕ್ಷೆಯನ್ನು ೧೯೫೪-೫೫ರಲ್ಲಿ ಬಳಕೆಗೆ ತಂದವರು ನ್ಯೂಯಾರ್ಕಿನ ಕಾರ್ಮನ್, ವ್ರೊಬ್ಲೆವ್‌ಸ್ಕಿ ಮತ್ತು ಲಾಡ್ಯೂ ಎಂಬ ವೈದ್ಯರು. ಮೊದಲು ಅದು ಉಪಯೋಗಕ್ಕೆ ಬಂದದ್ದು ಹೃದಯಾಘಾತವನ್ನು ಗುರುತಿಸಲು! ಏಕೆಂದರೆ ಎಸ್.ಜಿ.ಓ.ಟಿ. ಎಂಬ ಕಿಣ್ವ ಹೃದಯದಲ್ಲಿಯೂ ಮಾಂಸಖಂಡಗಳಲ್ಲಿಯೂ ಇದೆ. ಎಸ್.ಜಿ.ಪಿ.ಟಿ. ಮುಖ್ಯವಾಗಿ ಯಕೃತ್ತಿನದು. ಇವನ್ನೇ ಈಗ ಎ.ಎಸ್.ಟಿ., ಎ.ಎಲ್.ಟಿ. ಎಂದೂ ಬರೆಯುತ್ತಾರೆ. ಪರೀಕ್ಷೆಯ ಹಿಂದಿನ ದಿನ ಕಠಿಣವಾದ ವ್ಯಾಯಾಮ ಮಾಡಿದ್ದರೂ ಅಂಕೆ ಏರಬಹುದು.

ಸಾಮಾನ್ಯವಾಗಿ ಮೇಲಿನ ಮಿತಿ ಸುಮಾರು ೪೦. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಸ್ವಲ್ಪ ವ್ಯತ್ಯಾಸವುಂಟು. ಮಿತಿಯ ಐದು ಪಟ್ಟಿಗಿಂತ ಕಡಿಮೆಯ ಏರಿಕೆಯನ್ನು ಅಲ್ಪವೆಂದೇ ಎಣಿಸುತ್ತಾರೆ. ಇದಕ್ಕೆ ಇಂದು ಬಹು ಸಾಮಾನ್ಯವಾದ ಕಾರಣ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವುದು. ಬೊಜ್ಜು, ಸಕ್ಕರೆ ಕಾಯಿಲೆ ಇದರ ಒಡನಾಡಿಗಳು. ಮದ್ಯವನ್ನು ಮುಟ್ಟದವರಿಗೂ ಇದು ಬರುತ್ತದೆ. ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳು, ಕ್ಷಯದ ಮಾತ್ರೆಗಳಂತಹ ಕೆಲವು ಔಷಧಿಗಳು ಇತರ ಕಾರಣಗಳು.

ಈ ಘಟ್ಟದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪೊಂದುಂಟು. ‘ಯಕೃತ್ತು ಶುದ್ಧವಾಗಲಿ’ ಎಂದು ಕಾಮಾಲೆಯ ನಾಟಿ ಮದ್ದನ್ನೋ ಸೊಪ್ಪಿನ ಕಷಾಯವನ್ನೋ ಕುಡಿಯುತ್ತಾರೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ಅದು ನಿರಪಾಯವಲ್ಲ. ಅಮೃತಬಳ್ಳಿಯನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿ ಮಾಡಿದರು. ತಾವು ಸೇವಿಸುವ ಮಾತ್ರೆ, ಪುಡಿ, ಕಷಾಯ, ಮದ್ಯ ಎಲ್ಲವನ್ನೂ ಮರೆಮಾಚದೆ ವೈದ್ಯರಿಗೆ ತಿಳಿಸಿರಿ. ಆದರೆ ಅವರು ಬರೆದುಕೊಟ್ಟ ಔಷಧಿಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ವೈದ್ಯರು ಕೆಲವು ವಾರಗಳ ಬಳಿಕ ಮತ್ತೊಮ್ಮೆ ರಕ್ತವನ್ನು ನೋಡಬಹುದು. ಹೆಪಟೈಟಿಸ್ ಪರೀಕ್ಷೆ, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬಹುದು. ಇವನ್ನು ತಪ್ಪಿಸಬಾರದು. ಹೆಪಟೈಟಿಸ್ ಸಿ ಸೋಂಕನ್ನು ಇಂದು ಸುಮಾರು ೧೨ ವಾರಗಳ ಮಾತ್ರೆಗಳಿಂದ ಬಹುಮಟ್ಟಿಗೆ ಗುಣಪಡಿಸಬಹುದು. ಹೆಪಟೈಟಿಸ್ ಬಿ ಬಾರದಂತೆ ಲಸಿಕೆಯುಂಟು. ಕೊಬ್ಬಿನ ಯಕೃತ್ತುಳ್ಳ ಸ್ಥೂಲದೇಹಿಗಳು ತೂಕದಲ್ಲಿ ನೂರಕ್ಕೆ ೭ರಿಂದ ೧೦ರಷ್ಟನ್ನು ನಿಧಾನವಾಗಿ ಇಳಿಸಿದರೆ ಯಕೃತ್ತು ಸುಧಾರಿಸುತ್ತದೆ. ದಿನವೂ ಚುರುಕಿನ ನಡಿಗೆ, ತಟ್ಟೆಯಲ್ಲಿ ಅನ್ನಕ್ಕಿಂತ ತರಕಾರಿ ಹೆಚ್ಚು, ಸಿಹಿ ಪಾನೀಯ ವರ್ಜ್ಯ: ಇಷ್ಟರಿಂದಲೇ ಆರಂಭಿಸಬಹುದು.

ಅಂಕೆ ಇಳಿಯಿತೆಂದು ಮೈಮರೆಯಲೂಬಾರದು. ಯಕೃತ್ತು ಗಡುಸಾಗಿ ಹೋದ ಕೆಲವರಲ್ಲಿ ಕಿಣ್ವಗಳು ಮಿತಿಯೊಳಗೇ ಇರುವುದುಂಟು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ಹೊಟ್ಟೆ ಉಬ್ಬಿದರೆ, ರಕ್ತ ವಾಂತಿಯಾದರೆ, ಮಂಕು ಕವಿದರೆ ಮುಂದಿನ ಪರೀಕ್ಷೆಗೆ ಕಾಯದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಇವಾವುವೂ ಇಲ್ಲದವರಿಗೆ ಅಲ್ಪವಾಗಿ ಏರಿದ ಅಂಕೆಯು ಮರಣಶಾಸನವಲ್ಲ. ಕಾಲವಿರುವಾಗಲೇ ಬಂದ ಎಚ್ಚರಿಕೆಯ ಓಲೆ.