ವಿವಿ ಸರ್ವರ್‌ನಲ್ಲಿ ಸ್ವಂತ ವೆಬ್‌ಸೈಟ್: ಜಾಗ ಪುಕ್ಕಟೆ, ವಿಳಾಸ ಮಾತ್ರ ನಿಮ್ಮದಲ್ಲ

ಹಾವೇರಿ: ಪಿಜಿ ಓದುವ ಮಗನೋ ಮಗಳೋ ‘ಯೂನಿವರ್ಸಿಟಿ ಸರ್ವರ್‌ನಾಗ ನಂದೊಂದು ವೆಬ್‌ಸೈಟ್ ಮಾಡೀನಿ’ ಅಂದರೆ ಮನೆಯವರಿಗೆ ಖುಷಿ. ರೊಕ್ಕ ಖರ್ಚಿಲ್ಲ, ವಿಳಾಸದಲ್ಲಿ ವಿಶ್ವವಿದ್ಯಾಲಯದ ಹೆಸರು ಬೇರೆ. ‘ಹಂಗಾದ್ರ ನಮ್ಮ ಅಂಗಡೀದೂ ಒಂದು ಪುಟ ಅದರಾಗ ಹಾಕು’ ಅನ್ನುವ ಅಪ್ಪಂದಿರೂ ಇರುತ್ತಾರೆ. ಹಾಕುವ ಮೊದಲು ಇದು ಹೇಗೆ ನಡೆಯುತ್ತದೆ ಅನ್ನೋದು ಗೊತ್ತಿರಲಿ.

ಸರ್ವರ್ ಅಂದರೆ ದಿನದ 24 ತಾಸೂ ಚಾಲೂ ಇರುವ, ಇಂಟರ್‌ನೆಟ್‌ಗೆ ಜೋಡಿಸಿದ ಕಂಪ್ಯೂಟರ್, ಅಷ್ಟೇ. ಈ ಸೌಲಭ್ಯ ಇರುವ ಸಂಸ್ಥೆಗಳು ಒಬ್ಬೊಬ್ಬರಿಗೆ ಒಂದು ಖಾತೆ, ಖಾತೆಗೊಂದು ಫೋಲ್ಡರ್ ಕೊಡುತ್ತವೆ. ಅದರೊಳಗೆ ಸಾಮಾನ್ಯವಾಗಿ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಇನ್ನೊಂದು ಫೋಲ್ಡರ್. ಇದರಲ್ಲಿ ಇಟ್ಟದ್ದು ಮಾತ್ರ ಊರಿಗೆಲ್ಲ ಕಾಣುತ್ತದೆ, ಉಳಿದದ್ದು ಕಾಣಲ್ಲ. ಅಂಗಡಿಯ ಶೋಕೇಸ್ ಬೇರೆ, ಹಿಂದಿನ ಗೋದಾಮು ಬೇರೆ ಇದ್ದಂತೆ. ಮುಖಪುಟದ ಫೈಲ್‌ಗೆ ‘ಇಂಡೆಕ್ಸ್’ ಅಂತ ಹೆಸರಿಡಬೇಕು. ವಿಳಾಸದಲ್ಲಿ ಖಾತೆಯ ಹೆಸರಿನ ಹಿಂದೆ ‘~’ ಎಂಬ ಅಲೆಯಂಥ ಗುರುತು ಬರುತ್ತದೆ. ಬೆಂಗಳೂರಿನ ಐಐಎಸ್‌ಸಿ, ಮುಂಬೈ ಐಐಟಿಯ ಎಷ್ಟೋ ಪ್ರಾಧ್ಯಾಪಕರ ಪುಟಗಳ ವಿಳಾಸ ಹೀಗೇ ಇದೆ.

ಹೊಸಬರು ಎಡವೋದು ಎರಡು ಕಡೆ. ಫೈಲ್ ಹಾಕಿರುತ್ತಾರೆ, ತೆರೆದರೆ ‘403 ಫರ್ಬಿಡನ್’ ಅಂತ ಬರುತ್ತದೆ. ಹೊರಗಿನವರಿಗೆ ಓದಲು ಬಿಡು ಅಂತ ಸರ್ವರ್‌ಗೆ ಹೇಳಿರೋದಿಲ್ಲ. ಫೋಲ್ಡರ್‌ಗೆ 755, ಫೈಲ್‌ಗೆ 644 ಪರ್ಮಿಷನ್ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸಿಟ್ಟಿಗೆದ್ದು 777 ಕೊಡಬೇಡಿ. ಆಗ ಅದೇ ಸರ್ವರ್‌ನಲ್ಲಿ ಖಾತೆ ಇರುವ ಬೇರೆಯವರೂ ನಿಮ್ಮ ಫೈಲ್ ತಿದ್ದಬಹುದು.

ಇನ್ನೊಂದು ಕನ್ನಡದ್ದೇ ತಾಪತ್ರಯ. ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ತಂದು ಹಾಕಿದರೆ, ಗಿರಾಕಿಯ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಫೈಲನ್ನು ಯುಟಿಎಫ್-8 ಅಂತ ಸೇವ್ ಮಾಡಬೇಕು.

ಇಷ್ಟು ಮಾಡಿದರೆ ಪುಟ ತಯಾರು. ಆದರೆ ಖಾತೆ ಸಂಸ್ಥೆಯದು. ಕೋರ್ಸ್ ಮುಗಿದ ಮೇಲೆ, ನೌಕರಿ ಬಿಟ್ಟ ಮೇಲೆ ಅದನ್ನು ಬಂದ್ ಮಾಡೋದು ವಾಡಿಕೆ. ‘ಎಸಿ ಡಾಟ್ ಇನ್’ ಎಂದು ಮುಗಿಯುವ ವಿಳಾಸಗಳು ಶಿಕ್ಷಣ ಸಂಸ್ಥೆಗಳಿಗೆ ಮೀಸಲು, ಅವನ್ನು ಕೊಡೋದು ಅರ್ನೆಟ್ ಇಂಡಿಯಾ. ಅಲ್ಲಿ ವ್ಯಾಪಾರದ ಪುಟ ಹಾಕಿ ಸಿಕ್ಕಿಬಿದ್ದರೆ ಮಗನ ಖಾತೆಯೇ ಹೋಗಬಹುದು. ಸಂಸ್ಥೆಯ ಭವಿಷ್ಯವೂ ನಮ್ಮ ಕೈಯಲ್ಲಿಲ್ಲ. 2023ರಲ್ಲಿ ಶುರುವಾದ ಹಾವೇರಿ ವಿಶ್ವವಿದ್ಯಾಲಯ ಸೇರಿದಂತೆ ಒಂಬತ್ತು ವಿವಿಗಳನ್ನು ಮುಚ್ಚುವ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲೇ ಎದ್ದಿತ್ತು. ಒಂದು ವಿವಿ ಮತ್ತೊಂದರಲ್ಲಿ ವಿಲೀನವಾದರೆ ಹಳೇ ವಿಳಾಸ ಉಳಿಯುತ್ತದೆ ಅನ್ನೋ ಖಾತ್ರಿ ಇಲ್ಲ.

ಯಾಹೂ, ಗೂಗಲ್ ಎರಡೂ ಹುಟ್ಟಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿವಿಯ ಕಂಪ್ಯೂಟರ್‌ಗಳಲ್ಲಿ. ಗೂಗಲ್‌ನ ಮೊದಲ ವಿಳಾಸದಲ್ಲಿ ಸ್ಟ್ಯಾನ್‌ಫರ್ಡ್ ಹೆಸರಿತ್ತು. ಸ್ವಂತ ‘ಗೂಗಲ್ ಡಾಟ್ ಕಾಮ್’ ಹೆಸರು ನೋಂದಾಯಿಸಿದ್ದು 1997ರ ಸೆಪ್ಟೆಂಬರ್‌ನಲ್ಲಿ. ಕಲಿಯಲಿಕ್ಕೆ ವಿವಿ ಸರ್ವರ್ ಬಹಳ ಚಲೋ, ಅದರಲ್ಲಿ ಎರಡು ಮಾತಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ದಲಾಲರಾಗಲಿ, ರಾಣೇಬೆನ್ನೂರಿನ ಬೀಜದ ಅಂಗಡಿಯವರಾಗಲಿ ವಿಳಾಸವನ್ನು ಚೀಲದ ಮೇಲೆ, ಬಿಲ್ ಬುಕ್ಕಿನ ಮೇಲೆ ಪ್ರಿಂಟ್ ಹಾಕಿಸುತ್ತಾರೆ. ಆ ವಿಳಾಸ ಬದಲಾದರೆ ಅಷ್ಟೂ ರದ್ದಿ. ಸ್ವಂತ ‘ಡಾಟ್ ಇನ್’ ಹೆಸರಿಗೆ ವರ್ಷಕ್ಕೆ ಕೆಲ ನೂರು ರೂಪಾಯಿ ಸಾಕು. ನೋಂದಣಿಯಲ್ಲಿ ಮೊಬೈಲ್, ಇಮೇಲ್ ಮಾಲೀಕರದ್ದೇ ಇರಲಿ, ಸೈಟ್ ಮಾಡಿಕೊಟ್ಟ ಹುಡುಗನದ್ದಲ್ಲ. ಆ ಹುಡುಗ ನಾಳೆ ಬೆಂಗಳೂರಿಗೆ ಹೋದರೆ ರಿನ್ಯೂವಲ್ ಮೆಸೇಜ್ ಅವನಿಗೇ ಹೋಗುತ್ತದೆ, ಗಡುವು ದಾಟಿದ ಮೇಲೆ ಆ ಹೆಸರನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ವಿವಿ ಸರ್ವರ್‌ನಲ್ಲಿ ಈಗಾಗಲೇ ಪುಟ ಇರುವವರು ಟಿಸಿ ತೆಗೆದುಕೊಳ್ಳುವ ಮೊದಲೇ ಆ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಬರೀ ಎಚ್‌ಟಿಎಂಎಲ್ ಪುಟಗಳಾದರೆ ಹೊಸ ಜಾಗದಲ್ಲಿ ಬಹುತೇಕ ಹಾಗೇ ಇಡಬಹುದು, ಹಳೇ ವಿಳಾಸ ಬರೆದ ಲಿಂಕ್‌ಗಳನ್ನಷ್ಟೇ ತಿದ್ದಬೇಕು.