ದೇವಣಿ ಹತ್ತಬೇಕಾದ ಪುಟ್ಟ ರೈಲು

ಅಂಗಳದ ಹಳಿಗಳ ಮೇಲೆ ಓಡುವ ನ್ಯಾರೋಗೇಜ್ ಮಾದರಿ ರೈಲುಗಳ ಲೋಕದಲ್ಲಿ ಜಾನುವಾರು ವ್ಯಾಗನ್‌ಗಳಿಗೆ ಈಗ ವಿಶೇಷ ಆದರ. ರೈಲಿಗಿಂತ ಮೊದಲು ದನವನ್ನು ಅರಿಯಬೇಕಾದ ಕಸುಬು ಇದು. ಆ ಅರಿವು ಬೀದರ್, ಭಾಲ್ಕಿ, ಔರಾದ ಸೀಮೆಯ ಕೊಟ್ಟಿಗೆಗಳಲ್ಲಿ ಧಾರಾಳವಾಗಿದೆ.

ನ್ಯಾರೋಗೇಜ್ ರೈಲಿನ ಒಂದು ಗೂಡ್ಸ್ ವ್ಯಾಗನ್‌ನಲ್ಲಿ ಎಷ್ಟು ದನ ಸಾಗಿಸಬಹುದು? 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಉತ್ತರ ಸ್ಪಷ್ಟವಾಗಿದೆ. ಬೆಳೆದ ದನವಾದರೆ 4, ಕರುಗಳಾದರೆ 6. ಮೀಟರ್‌ಗೇಜ್‌ನಲ್ಲಿ ಈ ಮಿತಿ 6 ದನ ಅಥವಾ 10 ಕರು. ಬ್ರಾಡ್‌ಗೇಜ್‌ನಲ್ಲಿ 10 ದನ ಅಥವಾ 15 ಕರು. ದನಗಳು ಹಳಿಗೆ ಸಮಾನಾಂತರವಾಗಿ, ಒಂದಕ್ಕೊಂದು ಮುಖ ಮಾಡಿ ನಿಲ್ಲಬೇಕು. ಮಲಗಿದರೆ ಪೆಟ್ಟಾಗದಂತೆ ನೆಲಕ್ಕೆ ಕನಿಷ್ಠ 6 ಸೆಂ.ಮೀ. ದಪ್ಪ ಹುಲ್ಲು ಹಾಸಬೇಕು. ಪ್ರತಿ ವ್ಯಾಗನ್‌ನಲ್ಲೂ ಒಬ್ಬ ಆಳು ಜೊತೆಗಿರಬೇಕು. ಹಾಲು ಕೊಡುವ ಹಸುವಿದ್ದರೆ ದಿನಕ್ಕೆ ಎರಡು ಹೊತ್ತು ಕರೆಯಬೇಕು, ಕರುವಿಗೂ ಸಾಕಷ್ಟು ಹಾಲು ಬಿಡಬೇಕು.

ಓದುವವರಿಗೆ ಇದು ಕಾನೂನು. ಮಾದರಿ ರೈಲು ಕಟ್ಟುವವರ ಕೈಗೆ ಸಿಕ್ಕರೆ ಇದೇ ನಕ್ಷೆ. ಅಡ್ಡಪಟ್ಟಿ ಎಲ್ಲಿ ಕೂರಬೇಕು, ಯಾವ ಬಾಗಿಲು ತೆರೆದಿರಬೇಕು, ಹುಲ್ಲು ಎಷ್ಟು ದಪ್ಪ, ಎಷ್ಟು ಆಳು ಬೇಕು ಎಂಬುದೆಲ್ಲ ಇದರೊಳಗೇ ಇದೆ.

ಅಂಗಳದ ರೈಲು ಎಂದರೆ

ಮೇಜಿನ ಮೇಲೆ ಓಡುವ ಆಟಿಕೆ ರೈಲನ್ನು ಎಲ್ಲರೂ ನೋಡಿರುತ್ತಾರೆ. ಅಂಗಳದ ರೈಲು ಅದಕ್ಕಿಂತ ದೊಡ್ಡದು. ಗಿಡಗಳ ನಡುವೆ ಮಣ್ಣು ಹದ ಮಾಡಿ, ಜಲ್ಲಿ ಹಾಕಿ ಹಳಿ ಕೂರಿಸುತ್ತಾರೆ. ಬಿಸಿಲು, ಮಳೆ, ತರಗೆಲೆಗಳನ್ನೆಲ್ಲ ತಾಳಿಕೊಂಡೇ ರೈಲು ಓಡಬೇಕು. ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಹೆಸರಿನ ರೈಲುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಈ ಹವ್ಯಾಸ ಮನೆಮಾತಾಯಿತು. ಅದರ ಹಳಿಗಳ ನಡುವಿನ ಅಂತರ 45 ಮಿ.ಮೀ., ಅಳತೆ 1:22.5. ಲೆಕ್ಕ ಹಾಕಿದರೆ ಅದು ಮೀಟರ್‌ಗೇಜ್ ರೈಲಿನ ಪ್ರತಿರೂಪ. ಬ್ರಿಟನ್ನಿನಲ್ಲಿ ಬೇರೆ ರೂಢಿ ಬೆಳೆಯಿತು. ಅಲ್ಲಿ ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 16 ಮಿ.ಮೀ., ಅಂದರೆ ಸುಮಾರು 1:19. ಹಳಿ 32 ಅಥವಾ 45 ಮಿ.ಮೀ.

ಈ ಹವ್ಯಾಸಿಗಳಿಗೆ ನ್ಯಾರೋಗೇಜ್ ಮೇಲೆ ಪ್ರೀತಿ ಹೆಚ್ಚು. ಚಿಕ್ಕ ಎಂಜಿನ್, ಗಿಡ್ಡ ಗಾಡಿ, ಬಿಗಿ ತಿರುವುಗಳ ರೈಲು ಮನೆಯಂಗಳಕ್ಕೆ ಸಲೀಸಾಗಿ ಒಗ್ಗುತ್ತದೆ. ನ್ಯಾರೋಗೇಜ್ ಎಂದ ಮೇಲೆ ಹಳ್ಳಿ ಬಂತು, ಹಳ್ಳಿ ಎಂದ ಮೇಲೆ ದನ ಬಂತು. ಐರ್ಲೆಂಡಿನ ಟ್ರಲೀ–ಡಿಂಗಲ್ ರೈಲಿನಲ್ಲಿ 1939ಕ್ಕೇ ಪ್ರಯಾಣಿಕರ ಓಡಾಟ ನಿಂತಿತು. ಕೊನೆಯ ವರ್ಷಗಳಲ್ಲಿ ತಿಂಗಳಿಗೊಮ್ಮೆ ಡಿಂಗಲ್ ದನದ ಸಂತೆಗೆಂದು ಓಡುತ್ತಿದ್ದ ವಿಶೇಷ ರೈಲೇ ಅದನ್ನು 1953ರವರೆಗೆ ಉಳಿಸಿತು. ವೇಲ್ಸ್‌ನ ವೆಲ್ಷ್‌ಪೂಲ್–ಲಾನ್‌ಫೇರ್ ರೈಲು ಕೂಡ ಕುರಿ, ದನಗಳನ್ನು ಪೇಟೆಗೆ ಸಾಗಿಸುತ್ತಿತ್ತು. ಇಂಥ ರೈಲುಗಳ ದನದ ಡಬ್ಬಿ, ಕುರಿ ಡಬ್ಬಿಗಳನ್ನು ಮಾದರಿಕಾರರು ಪ್ರೀತಿಯಿಂದ ಮರುಸೃಷ್ಟಿಸುತ್ತಾರೆ. ಮೊದಲು ಸಾವಿರಗಟ್ಟಲೆ ಮಾಡಿದರೆ ಮಾತ್ರ ಗಿಟ್ಟುತ್ತಿದ್ದ ಗಾಡಿಯನ್ನು ಲೇಸರ್ ಕಟಿಂಗ್, 3ಡಿ ಪ್ರಿಂಟಿಂಗ್ ಬಂದ ಮೇಲೆ ಮನೆಯ ಕೋಣೆಯಲ್ಲಿ ಹತ್ತೇ ಹತ್ತು ಮಾಡಿದರೂ ನಡೆಯುತ್ತದೆ. ಹೊಸ ಹೊಸ ಜಾನುವಾರು ವ್ಯಾಗನ್‌ಗಳಿಗೆ ದಾರಿಯಾದದ್ದು ಹೀಗೆ.

ನೆರೆಯ ಬಾರ್ಶಿ ರೈಲು

ಬೀದರ್ ಕಂಡದ್ದು ಬ್ರಾಡ್‌ಗೇಜ್ ರೈಲನ್ನು. ನಿಜಾಮರ ಕಾಲದಲ್ಲಿ ವಿಕಾರಾಬಾದ್‌ನಿಂದ ಬಂದ ಹಳಿ ಬೀದರ್, ಭಾಲ್ಕಿ, ಕಮಲನಗರಗಳನ್ನು ಹಾದು ಉದಗೀರ್ ಕಡೆಗೆ ಸಾಗುತ್ತದೆ. ಔರಾದ ಪಟ್ಟಣಕ್ಕೆ ರೈಲಿಲ್ಲ. ಮೊದಲು ಅದೇ ತಾಲ್ಲೂಕಿನಲ್ಲಿದ್ದ ಕಮಲನಗರವೇ ಆ ಸೀಮೆಯ ಸ್ಟೇಷನ್. ನ್ಯಾರೋಗೇಜ್ ಇದ್ದದ್ದು ಪಕ್ಕದ ಲಾತೂರಿನಲ್ಲಿ. ಅದೇ ಬಾರ್ಶಿ ಲೈಟ್ ರೈಲ್ವೆ, 762 ಮಿ.ಮೀ. ಅಗಲದ ಹಳಿ. ನಮ್ಮ ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ ರೈಲಿನದ್ದೂ ಮೊದಲು ಇದೇ ಅಗಲವಾಗಿತ್ತು.

ಬಾರ್ಶಿ ರೈಲನ್ನು ಕಟ್ಟಿದವರು ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಎಂಜಿನಿಯರ್. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ರೈಲು ಓಡಿತು. 1906ರಲ್ಲಿ ಪಂಢರಪುರ, 1911ರಲ್ಲಿ ಲಾತೂರ್, 1927ರಲ್ಲಿ ಮೀರಜ್ ಮುಟ್ಟಿತು. ಕ್ಯಾಲ್‌ಥ್ರಾಪ್ ಅವರ ವಿಚಾರ ಸರಳ: ಎಂಜಿನ್ ಇರಲಿ, ಗಾಡಿ ಇರಲಿ, ಯಾವ ಅಚ್ಚಿನ ಮೇಲೂ 5 ಟನ್‌ಗಿಂತ ಹೆಚ್ಚು ಭಾರ ಬೀಳಬಾರದು. ಭಾರ ಸಮನಾಗಿ ಹಂಚಿಹೋದರೆ ಹಗುರ ಹಳಿಯ ಮೇಲೂ ದೊಡ್ಡ ಗಾಡಿ ಓಡಿಸಬಹುದು. ಆದ್ದರಿಂದ ಗೂಡ್ಸ್ ವ್ಯಾಗನ್‌ಗಳನ್ನು 25 ಅಡಿ ಉದ್ದ, 7 ಅಡಿ ಅಗಲಕ್ಕೆ, ಎರಡು ಬೋಗಿಗಳ ಮೇಲೆ ಕೂರಿಸಿದರು. ಆ ಕಾಲದ ನ್ಯಾರೋಗೇಜ್‌ಗೆ ಅದು ದೊಡ್ಡ ಗಾಡಿಯೇ. ಎಂಜಿನ್‌ಗಳು ಲೀಡ್ಸ್‌ನ ಕಿಟ್ಸನ್ ಕಂಪನಿಯಿಂದ ಬಂದವು. ಇಲ್ಲಿ ಪಳಗಿದ ವಿಚಾರವನ್ನೇ ಅವರು ಮುಂದೆ ಇಂಗ್ಲೆಂಡಿಗೆ ಒಯ್ದು ಲೀಕ್–ಮ್ಯಾನಿಫೋಲ್ಡ್ ರೈಲನ್ನು ಕಟ್ಟಿದರು. 1904ರಲ್ಲಿ ಶುರುವಾಗಿ 1934ರಲ್ಲಿ ನಿಂತ ಆ ಪುಟ್ಟ ರೈಲು ಇಂದಿಗೂ ಮಾದರಿಕಾರರಿಗೆ ಅಚ್ಚುಮೆಚ್ಚು. ಅದರ ಬೇರು ಲಾತೂರಿನ ದಾರಿಯಲ್ಲಿದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ.

ಇದೇ ಕ್ಯಾಲ್‌ಥ್ರಾಪ್ ಅರಬ್ಬಿ ಕುದುರೆಗಳನ್ನು ಸಾಕಿದವರು. ಕುದುರೆಯನ್ನು ಒಡನಾಡಿಯಾಗಿ ಕಾಣಬೇಕೆಂದು 1920ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅಚ್ಚಿನ ಭಾರ ಲೆಕ್ಕ ಹಾಕುವ ತಲೆಯಲ್ಲಿ ಪ್ರಾಣಿಯ ಮೇಲಿನ ಮಮತೆಗೂ ಜಾಗವಿತ್ತು. ಜಾನುವಾರು ವ್ಯಾಗನ್ ಕಟ್ಟುವವರಿಗೆ ಬೇಕಾದದ್ದು ಈ ಎರಡೂ ಗುಣ.

ದನದ ಡಬ್ಬಿ ಕಟ್ಟುವ ಬಗೆ

ಬಾರ್ಶಿಯ ಅಗಲವನ್ನು 1:24ಕ್ಕೆ ಇಳಿಸಿದರೆ 32 ಮಿ.ಮೀ. ಹಳಿಗೆ ಹೆಚ್ಚುಕಡಿಮೆ ಕರಾರುವಾಕ್ಕಾಗಿ ಕೂರುತ್ತದೆ. ಆ ಅಳತೆಯಲ್ಲಿ 25 ಅಡಿಯ ವ್ಯಾಗನ್ ಸುಮಾರು 32 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ ಆಗುತ್ತದೆ. ತೆಳು ಪ್ಲೈವುಡ್ಡಿನಲ್ಲಿ ಗೋಡೆಗಳನ್ನು ಕತ್ತರಿಸಿ, ಹಲಗೆಗಳ ಗೆರೆ ಕೊರೆಯುತ್ತಾರೆ. ದನದ ಡಬ್ಬಿಯ ಗೋಡೆ ಸಾಮಾನು ಡಬ್ಬಿಯಂತೆ ಮುಚ್ಚಿರುವುದಿಲ್ಲ. ಮೇಲರ್ಧದಲ್ಲಿ ಗಾಳಿಯಾಡಲು ಸಂದು ಇರಬೇಕು.

ಇನ್ನು ನಿಯಮಗಳನ್ನು ಬಿಡಿಸಿ ನೋಡಿ. ವ್ಯಾಗನ್‌ನ ಎರಡೂ ಬದಿಗೆ ಎದೆಮಟ್ಟದ ಎರಡೆರಡು ಅಡ್ಡಪಟ್ಟಿ ಇರಬೇಕು: ಒಂದು 60ರಿಂದ 80 ಸೆಂ.ಮೀ. ಎತ್ತರದಲ್ಲಿ, ಇನ್ನೊಂದು 100ರಿಂದ 110 ಸೆಂ.ಮೀ. ಎತ್ತರದಲ್ಲಿ. ಮಾದರಿಯಲ್ಲಿ ಕೆಳಗಿನದು 2.5ರಿಂದ 3.3 ಸೆಂ.ಮೀ., ಮೇಲಿನದು 4.2ರಿಂದ 4.6 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಹಿತ್ತಾಳೆ ತಂತಿ ಸಾಕು. ಗಾಳಿಗೆಂದು ತೆರೆದಿಟ್ಟ ಮೇಲುಬಾಗಿಲಿಗೆ ಒತ್ತು ಹೆಣಿಗೆಯ ತಂತಿಬಲೆ ಬೇಕು. ಉಗಿಬಂಡಿಯಿಂದ ಹಾರಿಬರುವ ಕೆಂಡ ಒಳಗಿನ ಹುಲ್ಲಿಗೆ ತಾಗಬಾರದೆಂದು ನಿಯಮವೇ ಹೇಳಿದೆ. 6 ಸೆಂ.ಮೀ. ಹುಲ್ಲು ಇಲ್ಲಿ 2.5 ಮಿ.ಮೀ. ಆಗುತ್ತದೆ. ಸಣ್ಣಗೆ ಕತ್ತರಿಸಿದ ಸೆಣಬಿನ ನಾರಿಗೆ ತುಸು ಅಂಟು ಬೆರೆಸಿ ಹರಡಿದರೆ ಒಣಹುಲ್ಲಿನ ಬಣ್ಣವೂ ಬಂತು, ದಪ್ಪವೂ ಬಂತು. ರೈಲು ಜೋಡಿಸುವಾಗ ದನದ ವ್ಯಾಗನ್ ನಡುವೆ ಇರಬೇಕು. ಕುರಿ ಮತ್ತು ಮೇಕೆಗಳನ್ನು ಬೇರೆಬೇರೆಯಾಗಿ ತುಂಬಬೇಕು.

ಹಳೆಯ ಬ್ರಿಟಿಷ್ ಡಬ್ಬಿಗಳ ಮಾದರಿಯಲ್ಲಿ ಒಂದು ಸೂಕ್ಷ್ಮ ಕೆಲಸ ಕಾಣುತ್ತದೆ. ಪ್ರತಿ ಪ್ರಯಾಣದ ನಂತರ ಸೋಂಕು ಹರಡದಿರಲೆಂದು ಡಬ್ಬಿಗೆ ಸುಣ್ಣ ಬಳಿಯುತ್ತಿದ್ದರು. ಆ ಸುಣ್ಣ ಹಲಗೆಗಳ ಸಂದಿನಿಂದ ಸೋರಿ ಹೊರಗೆ ಬಿಳಿ ಪಟ್ಟೆಗಳಾಗಿ ಇಳಿದಿರುತ್ತಿತ್ತು. ಒಳ್ಳೆಯ ಮಾದರಿಕಾರ ಆ ಪಟ್ಟೆಯನ್ನೂ ಬಿಡುವುದಿಲ್ಲ. ಅಷ್ಟು ಬಳಿದ ಮೇಲೆ ಆ ಡಬ್ಬಿಯಲ್ಲಿ ದನ ಓಡಾಡಿದೆ ಎಂದು ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ದೇವಣಿಯನ್ನು ಬಲ್ಲ ಕಣ್ಣು

ವ್ಯಾಗನ್ ಸಿದ್ಧವಾಯಿತು; ಒಳಗೆ ನಿಲ್ಲಿಸುವ ದನ ಎಲ್ಲಿ? ಮಾರುಕಟ್ಟೆಯಲ್ಲಿ ಸಿಗುವ ಪುಟ್ಟ ದನಗಳಲ್ಲಿ ಬಹುಪಾಲು ಯುರೋಪಿನ ತಳಿಗಳು. ಅವಕ್ಕೆ ಹಿಣಿಲಿಲ್ಲ, ಜೋಲುವ ಗಂಗೆದೊಗಲಿಲ್ಲ. ಕಪ್ಪು-ಬಿಳುಪಿನ ಹೋಲ್‌ಸ್ಟೈನ್ ಹಸುವಿನ ಮಚ್ಚೆ ತಿದ್ದಿದರೆ ನಮ್ಮ ಸೀಮೆಯ ದೇವಣಿ ತಳಿ ಆಗುವುದಿಲ್ಲ.

ದೇವಣಿಯ ಊರು ಉದಗೀರ್ ಪಕ್ಕದ ದೇವಣಿ, ಈಗ ಲಾತೂರ್ ಜಿಲ್ಲೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ್ ತಾಲ್ಲೂಕು ಬೀದರ್ ಜಿಲ್ಲೆಯದೇ. ಗಡಿ ಸರಿಯಿತು, ತಳಿ ಎರಡೂ ಕಡೆ ಉಳಿಯಿತು. ಭಾಲ್ಕಿ, ಔರಾದ ತಾಲ್ಲೂಕುಗಳ ರೈತರಿಗೆ ದೇವಣಿ ಹಾಲಿಗೂ ಬೇಕು, ಉಳುಮೆಗೂ ಬೇಕು. ಗೀರ್, ಡಾಂಗಿ ಮತ್ತು ಸ್ಥಳೀಯ ದನಗಳ ರಕ್ತ ಬೆರೆತು ಬೆಳೆದ ತಳಿ ಇದು. ಉಬ್ಬಿದ ಹಣೆ, ಜೋಲುಕಿವಿ ಗೀರ್ ಕಡೆಯಿಂದ ಬಂದವು. ಬಣ್ಣದಲ್ಲಿ ಮೂರು ಬಗೆ. ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪಾದರೆ ವನ್ನೇರಾ. ಬಿಳಿ ಮೈಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳಿದ್ದರೆ ಬಾಳಂಕ್ಯಾ. ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದರೆ ಶೇವೆರಾ. ವ್ಯಾಗನ್‌ನಲ್ಲಿ ನಾಲ್ಕೇ ದನ ನಿಲ್ಲಬೇಕೆಂದರೆ ಈ ಮೂರೂ ಬಗೆಗಳಿಗೆ ಜಾಗವಿದೆ, ನಾಲ್ಕನೆಯದಕ್ಕೆ ಹಾಲು ಕರೆಯುವ ಹಸುವೊಂದನ್ನು ನಿಲ್ಲಿಸಬಹುದು.

130 ಸೆಂ.ಮೀ. ಎತ್ತರದ ಎತ್ತು 1:24ರಲ್ಲಿ 5.4 ಸೆಂ.ಮೀ. ಆಗುತ್ತದೆ. ಮೊದಲು ಜೇಡಿಮಣ್ಣಿನಲ್ಲಿ ಮೂಲ ಮೂರ್ತಿ ಮಾಡಿ, ಸಿಲಿಕಾನ್ ಅಚ್ಚು ತೆಗೆದು, ರೆಸಿನ್ ಎರೆಯುವುದು ರೂಢಿ. ಕಷ್ಟವಿರುವುದು ಮೂಲ ಮೂರ್ತಿಯಲ್ಲಿ. ಹಿಣಿಲು ಎಲ್ಲಿ ಏರಬೇಕು, ನಿಂತ ದನ ಯಾವ ಕಾಲಿಗೆ ಭಾರ ಹಾಕುತ್ತದೆ, ಗಾಬರಿಯಾದಾಗ ಕಿವಿ ಹೇಗೆ ತಿರುಗುತ್ತದೆ ಎಂಬುದು ಫೋಟೊ ನೋಡಿ ಬರುವ ವಿದ್ಯೆಯಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಉತ್ತರ ಕರ್ನಾಟಕದ ಕೈಗಳಿಗೆ, ದಿನಾ ಗೋದಲಿ ಮುಂದೆ ನಿಲ್ಲುವ ಕಣ್ಣುಗಳಿಗೆ ಅದು ಆಗಲೇ ಗೊತ್ತು. ಅನುಮಾನ ಬಂದರೆ ಕೇಳಲು ಬೀದರ್ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ. ದೇವಣಿ ತಳಿಗೆಂದು ಅದರ ಸಂಶೋಧನಾ ಕೇಂದ್ರ ಕಟ್ಟಿತೂಗಾಂವ್‌ನಲ್ಲಿದೆ.

ಬೀದರ್‌ನ ಲೋಹ, ಬೀದರ್‌ನ ನೆಲ

ಲೋಹದ ಆಟಿಕೆ ಗಾಡಿಗಳ ಬಿಡಿಭಾಗಗಳನ್ನು ಜಗತ್ತಿನೆಲ್ಲೆಡೆ ಎರಕ ಹೊಯ್ಯುವುದು ಹೆಚ್ಚಾಗಿ ಸತುವಿನ ಮಿಶ್ರಲೋಹದಲ್ಲಿ. ಬೀದರ್‌ನ ಲೋಹಕಲೆಯಾದ ಬಿದ್ರಿಯ ಮೂಲವೂ ಸತುವೇ; ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಅಚ್ಚು ಕಟ್ಟುವುದು, ಎರಕ ಹೊಯ್ದು ಅರದಲ್ಲಿ ಉಜ್ಜುವುದು, ಉಳಿಯಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆದು ಬೆಳ್ಳಿ ಕೂರಿಸುವುದು ಬೀದರ್‌ನ ಕುಶಲಕರ್ಮಿಗಳ ನಿತ್ಯದ ಕೆಲಸ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು; 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಬೋಗಿಯ ಚೌಕಟ್ಟು, ಅಚ್ಚಿನ ಪೆಟ್ಟಿಗೆ, ಬಾಗಿಲ ಚಿಲಕಗಳನ್ನು ಎರಕ ಹೊಯ್ಯುವುದು ಈ ಕೈಗಳಿಗೆ ಹೊಸ ವಿದ್ಯೆಯೇನಲ್ಲ.

ನೆಲದ ವಿಚಾರಕ್ಕೆ ಬಂದರೆ ಊರಿಂದೂರಿಗೆ ಬೇರೆ ಕ್ರಮ ಬೇಕು. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ದಿಬ್ಬದ ಮೇಲೆ. ನೀರು ಬೇಗ ಇಂಗುತ್ತದೆ, ಹಳಿ ಕುಸಿಯುವ ಭಯ ಕಡಿಮೆ. ಅದೇ ಕಲ್ಲನ್ನು ಕುಟ್ಟಿ ಜರಡಿ ಹಿಡಿದರೆ ಹಳಿಯಡಿಯ ಜಲ್ಲಿಯೂ ಆಯಿತು. ಭಾಲ್ಕಿ, ಔರಾದ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಮೇಲ್ಮಣ್ಣು ತೆಗೆದು, ಮೊರಂ ತುಂಬಿ, ಅದರ ಮೇಲೆ ಕಾಂಕ್ರೀಟ್ ಪಟ್ಟಿಯನ್ನೋ ಇಟ್ಟಿಗೆ ಕಟ್ಟೆಯನ್ನೋ ಕಟ್ಟಿ ಹಳಿ ಹಾಸಬೇಕು. ನಮ್ಮ ಬೇಸಿಗೆಗೆ ಲೋಹದ ಹಳಿ ಹಿಗ್ಗುತ್ತದೆ, ಕೀಲುಗಳಲ್ಲಿ ಸಂದು ಬಿಡಲೇಬೇಕು. ಬಿಸಿಲು ತಾಳದ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅಂಗಳದಲ್ಲಿ ಬೇವು, ಹುಣಸೆಯ ನೆರಳಿದ್ದರೆ ರೈಲಿಗೂ ಒಳ್ಳೆಯದು, ಆಡುವ ಮಕ್ಕಳಿಗೂ ಒಳ್ಳೆಯದು.

ಶುರು ಎಲ್ಲಿಂದ

ಇಡೀ ರೈಲನ್ನು ಒಮ್ಮೆಗೇ ಕಟ್ಟಬೇಕಿಲ್ಲ. ಎಂಜಿನ್ ಆಮೇಲೆ ಬರಲಿ. ಒಂದು ಮೀಟರ್ ಹಳಿ, ಒಂದು ವ್ಯಾಗನ್, ನಾಲ್ಕು ದೇವಣಿ ದನಗಳಿದ್ದರೆ ಶಾಲೆಯ ಕಪಾಟಿನಲ್ಲಿ ಇಡುವಂಥ ಒಂದು ವಸ್ತುವಾಯಿತು. ಬೀದರ್, ಭಾಲ್ಕಿಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ನಕ್ಷೆ ಬರೆದು ಪ್ಲೈವುಡ್ ಕತ್ತರಿಸುವುದು ಅಲ್ಲಿನ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಆಗಬಹುದು. ಲೋಹದ ಕೆಲಸಕ್ಕೆ ಬಿದ್ರಿ ಕಲಾವಿದರಿದ್ದಾರೆ, ದನದ ಅಂಗಲಕ್ಷಣ ಹೇಳಲು ಪಶುವೈದ್ಯ ವಿದ್ಯಾರ್ಥಿಗಳಿದ್ದಾರೆ, ಅದನ್ನು ತಿದ್ದಲು ಔರಾದಿನ ರೈತರಿದ್ದಾರೆ. ಇವರೆಲ್ಲ ಒಂದು ಮೇಜಿನ ಸುತ್ತ ಕೂರುವುದಕ್ಕೆ ಈ ಪುಟ್ಟ ಡಬ್ಬಿಗಿಂತ ಒಳ್ಳೆಯ ನೆಪ ಸಿಗಲಾರದು.

ಬಾರ್ಶಿಯ ನ್ಯಾರೋಗೇಜ್ ಹಳಿಗಳು ಬ್ರಾಡ್‌ಗೇಜ್ ಆಗಿಹೋದವು. ಅಗ್ಗದ ಟ್ರ್ಯಾಕ್ಟರ್, ಮಿಶ್ರತಳಿ ಹಸುಗಳ ನಡುವೆ ದೇವಣಿಯನ್ನು ಉಳಿಸಿಕೊಳ್ಳುವುದೂ ಈಗ ಮನಸ್ಸಿಟ್ಟು ಮಾಡಬೇಕಾದ ಕೆಲಸ. ತನ್ನ ಸೀಮೆಯ ದನವನ್ನು ಅಳತೆ ತಪ್ಪದೆ, ಹಿಣಿಲು ತಪ್ಪದೆ ಕೈಯಾರೆ ಮಾಡಿದ ಹುಡುಗ ಅಥವಾ ಹುಡುಗಿಗೆ ವನ್ನೇರಾ ಯಾವುದು, ಶೇವೆರಾ ಯಾವುದು ಎಂದು ಮತ್ತೆ ಕಲಿಸಬೇಕಾಗಿಲ್ಲ. ಲಾರಿಯೊಂದರಲ್ಲಿ ದನಗಳನ್ನು ಒತ್ತೊತ್ತಾಗಿ ತುಂಬಿದ್ದು ಕಂಡರೆ ಅದು ತಪ್ಪೆಂದೂ ಯಾರೂ ಹೇಳಬೇಕಾಗಿಲ್ಲ. ಇಷ್ಟು ಕಲಿಸುವ ಕಸುಬು ಬೀದರ್ ಜಿಲ್ಲೆಯ ಶಾಲೆ, ಕಾಲೇಜುಗಳಲ್ಲಿ ಬೇರೂರಬೇಕು.