ಪದವಿಯ ಬಳಿಕದ ಸರದಿ

ವಿದ್ವಾಂಸನಿಗೆ ಎಲ್ಲೆಡೆಯೂ ಮನ್ನಣೆಯುಂಟೆಂದು ನಮ್ಮ ಹಿರಿಯರು ನಂಬಿದ್ದರು. ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದ ವಿದೇಶೀ ವಿದ್ಯಾರ್ಥಿಗೆ ಆ ಮನ್ನಣೆ ಕಂತುಗಳಲ್ಲಿ ದೊರೆಯುತ್ತದೆ. ಮೊದಲು ಒಂದು ವರ್ಷದ ಕೆಲಸದ ಅನುಮತಿ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಮತ್ತೆರಡು ವರ್ಷ. ಅನಂತರ ಎಚ್-1ಬಿ ವೀಸಾ: ವರ್ಷಕ್ಕೆ 85,000ದ ಮಿತಿ, ಅದರಲ್ಲಿ 20,000 ಅಲ್ಲಿಯೇ ಉನ್ನತ ಪದವಿ ಪಡೆದವರಿಗೆ ಮೀಸಲು. ಅದನ್ನೂ ದಾಟಿದವನ ಮುಂದೆ ಗ್ರೀನ್ ಕಾರ್ಡಿನ ಸರದಿ.

1990ರ ಕಾಯಿದೆಯಂತೆ ಯಾವೊಂದು ದೇಶಕ್ಕೂ ಸಾಮಾನ್ಯವಾಗಿ ನೂರಕ್ಕೆ ಏಳರಷ್ಟೇ ಪಾಲು. ದೇಶವೆಂದರೆ ಇಲ್ಲಿ ಹುಟ್ಟಿದ ದೇಶ. ಹೀಗಾಗಿ ಒಂದೇ ತರಗತಿಯಲ್ಲಿ ಓದಿದ ಇಬ್ಬರಲ್ಲಿ ಸಣ್ಣ ನಾಡಿನವನು ಬೇಗನೆ ನೆಲೆ ಕಾಣುತ್ತಾನೆ. ಧಾರವಾಡದಲ್ಲಿ ಹುಟ್ಟಿದವನು ದಶಕಗಳನ್ನು ಎಣಿಸಬೇಕಾದೀತು. ಅಷ್ಟರಲ್ಲಿ, ಇಲ್ಲಿಂದ ಕರೆದೊಯ್ದ ಮಗುವಿಗೆ 21 ತುಂಬಿದರೆ, ಅದು ತಂದೆಯ ಸರದಿಯಿಂದಲೇ ಹೊರಬೀಳುವ ಸಂಭವವುಂಟು. ವಿದ್ಯೆಯನ್ನು ಮೆಚ್ಚಿ ಕರೆದವರು ಕಡೆಗೆ ವಿಚಾರಿಸುವುದು ಹುಟ್ಟಿದ ನೆಲವನ್ನು.